ದ್ಯಾಮವ್ವನ ಟ್ರಂಕಿನಲ್ಲಿದ್ದ ಪಂಪು

ಇಳಕಲ್ಲಿನ ಆ ಓಣಿಯಲ್ಲಿ ಮಗ್ಗದ ಸಪ್ಪಳ ಇರುವ ತನಕ ಯಾರ ಮನೆಯ ಕೆಮ್ಮೂ ಯಾರಿಗೂ ಕೇಳುವುದಿಲ್ಲ. ಮಗ್ಗ ನಿಂತಾಗ ಮಾತ್ರ ಕೇಳುತ್ತದೆ. ಅದಕ್ಕೇ ಈಚೆಗೆ ಮಗ್ಗ ನಿಂತರೆ ಸಾಕು, ದುರ್ಗವ್ವನ ಎದೆ ಹೊಡೆದುಕೊಳ್ಳುತ್ತದೆ.

ಆ ಮಧ್ಯಾಹ್ನವೂ ಹಾಗೇ ಆಯಿತು. ಮಗ ಬಸವಂತ ಊಟಕ್ಕೆಂದು ಮಗ್ಗದ ಕುಣಿಯಿಂದ ಎದ್ದ. ಸಪ್ಪಳ ನಿಂತಿತು. ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದ ದುರ್ಗವ್ವನ ಕಿವಿಗೆ, ಪಕ್ಕದಲ್ಲೇ ಮಲಗಿದ್ದ ಮೊಮ್ಮಗಳು ಅಂಬಿಕಾಳ ಉಸಿರು ಬಿತ್ತು. ಸುಂಯ್, ಸುಂಯ್. ಆರು ವರ್ಷದ ಹುಡುಗಿ. ಹೋದ ವರ್ಷ ದೀಪಾವಳಿ ಮುಗಿದ ವಾರಕ್ಕೆ ತೀರಿಕೊಂಡ ಅವಳ ಅಕ್ಕ ಶ್ರುತಿಯ ಎದೆಯಿಂದಲೂ ಇದೇ ಸದ್ದು ಬರುತ್ತಿತ್ತು.

ದುರ್ಗವ್ವ ರಾಟಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

"ಬಸವಂತಾ, ಲಗೂನ ಉಂಡು ಮಗ್ಗಕ್ಕ ಕೂಡಪಾ."

ಅಷ್ಟರಲ್ಲಿ ಬಾಗಿಲಿಗೆ ವಂದನಾ ಬಂದಳು. ಅವಳು ಆ ಓಣಿಯ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲೊಂದು ಪಟ್ಟಿ. ಪೋಲಿಯೊ ಹನಿ ಹಾಕಲು ಬಂದಾಗಲೆಲ್ಲ "ಬಂತು ನೋಡು ಸರಕಾರ" ಎಂದು ಕಿಚಾಯಿಸುತ್ತಿದ್ದ ದುರ್ಗವ್ವ ಈ ಸಲ ಕಿಚಾಯಿಸಲಿಲ್ಲ.

"ದೊಡ್ಡವ್ವಾ, ಶನಿವಾರ ಸಾಲ್ಯಾಗ ಡಾಕ್ಟರ್ ಬರಾಕತ್ತಾರ. ದಮ್ಮು ಇರೋ ಹುಡುಗರ ಪಟ್ಟಿ ಮಾಡಾಕತ್ತೇವಿ. ನಿಮ್ಮ ಮನ್ಯಾಗ..."

"ನಮ್ಮ ಮನ್ಯಾಗ ಯಾರಿಗೂ ಏನೂ ಇಲ್ಲವಾ. ನೆಗಡಿ ಅಷ್ಟ."

ಆ ಮಾತು ಕೇಳಿದ್ದೇ ತಡ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ದಾನಮ್ಮನ ಕೈ ನಿಂತಿತು. ಶ್ರುತಿ ಶಾಲೆಯಲ್ಲಿ ಕಡೆಯದಾಗಿ ಆಡಿದ ಮಾತೂ ಅದೇ ಆಗಿತ್ತು.

ಶ್ರುತಿಗೆ ಏಳು ವರ್ಷವಿದ್ದಾಗಲೇ ಡಾಕ್ಟರು ಉಬ್ಬಸ ಎಂದು ಹೇಳಿದ್ದರು. ಅಸ್ತಮಾ ಎನ್ನುವುದೂ ಅದಕ್ಕೇ, ಓಣಿಯವರು ದಮ್ಮು ಎನ್ನುವುದೂ ಅದಕ್ಕೇ. ಬಾಯಿಂದ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟಿದ್ದರು. ಒಂದು ದಿನಾ ತಪ್ಪದೆ ತೆಗೆದುಕೊಳ್ಳಲು, ನೀಲಿಯದು ಉಸಿರು ಕಟ್ಟಿದಾಗ ತಕ್ಷಣಕ್ಕೆ. ದುರ್ಗವ್ವ ಎರಡನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಜೋರಾದಾಗ ಕಷಾಯ, ಗುಳಿಗೆ. ಪಂಪು ಹಿಡಿದರೆ ಚಟ ಹತ್ತುತ್ತದೆ ಎಂಬುದು ಅವಳ ಒಂದು ಹೆದರಿಕೆ. ಇನ್ನೊಂದು ಅದಕ್ಕಿಂತ ಹಳೆಯದು. ಅವಳ ತಂಗಿ ದ್ಯಾಮವ್ವನಿಗೂ ದಮ್ಮು ಇತ್ತು. ಲಗ್ನವಾದ ಎರಡನೇ ತಿಂಗಳಿಗೆ ಅತ್ತೆಮನೆಯವರು ರೋಗದ ಹುಡುಗಿ ಎಂದು ಟ್ರಂಕಿನ ಸಮೇತ ತವರಿಗೆ ಬಿಟ್ಟುಹೋದರು. ಆಮೇಲೆ ದ್ಯಾಮವ್ವ ಸಾಯುವ ತನಕ ಯಾರ ಮದುವೆಗೂ ಹೋಗಲಿಲ್ಲ. ಈ ಟ್ರಂಕು ಅವಳದೇ.

ಅದಕ್ಕೇ ದುರ್ಗವ್ವ ಮೊಮ್ಮಗಳಿಗೆ ಕಲಿಸಿದ್ದಳು. "ಯಾರರ ಕೇಳಿದ್ರ ನೆಗಡಿ ಅನ್ನು. ದಮ್ಮು ಅಂತ ಬಾಯಿ ಬಿಡಬ್ಯಾಡ." ಶ್ರುತಿ ಹೇಳಿದ ಮಾತು ಕೇಳುವ ಹುಡುಗಿ.

ಆ ದಿನ ಮುಂಜಾನೆ ಚಳಿಯಿತ್ತು. ಶಾಲೆಯ ಮೈದಾನದಲ್ಲಿ ಓಟದ ತಯಾರಿ ನಡೆದಿತ್ತು. ಓಡಿ ಬಂದ ಶ್ರುತಿ ಎದೆ ಹಿಡಿದುಕೊಂಡು ಕೂತುಬಿಟ್ಟಳು. ಏನಾಯಿತು ಎಂದು ಕುಮುದಿನಿ ಟೀಚರು ಕೇಳಿದರೆ, "ನೆಗಡಿರಿ, ಅಕ್ಕೋರ" ಎಂದಳು. ನೆಗಡಿಯಾದ ಮಗುವಿಗೆ ಯಾರಾದರೂ ಮಾಡುವುದನ್ನೇ ಟೀಚರು ಮಾಡಿದರು. ಬಿಸಿನೀರು ಕುಡಿಸಿ ಬೆಂಚಿನ ಮೇಲೆ ಮಲಗಿಸಿದರು. ಮುಕ್ಕಾಲು ಗಂಟೆಯ ಮೇಲೆ ತುಟಿ ನೀಲಿಯಾಗಿದ್ದು ಕಂಡು ಎತ್ತಿಕೊಂಡು ಮನೆಗೆ ಓಡಿಬಂದರು. ಪಂಪು ಟ್ರಂಕಿನಲ್ಲಿತ್ತು. ಕೀಲಿ ದುರ್ಗವ್ವನ ಸೊಂಟದಲ್ಲಿತ್ತು. ದುರ್ಗವ್ವ ಬಳಗದವರ ಸೀಮಂತಕ್ಕೆಂದು ಹುನಗುಂದಕ್ಕೆ ಹೋಗಿದ್ದಳು. ಬಸವಂತ ಕಲ್ಲು ತಗೊಂಡು ಬೀಗ ಬಡಿದ, ಬಡಿದ, ಅದು ಒಡೆಯಲಿಲ್ಲ. ಎದುರುಮನೆಯ ಅಹ್ಮದಸಾಬ ಆಟೋ ತಂದು ನಿಲ್ಲಿಸಿದ. ದವಾಖಾನೆ ಮುಟ್ಟುವ ಮೊದಲೇ ಹುಡುಗಿ ತಾಯಿಯ ತೊಡೆಯ ಮೇಲೆ ಹೋಗಿಬಿಟ್ಟಳು. ಒಂಬತ್ತು ವರ್ಷ.

ಅಂದಿನಿಂದ ದಾನಮ್ಮ ಅತ್ತೆಯ ಜೊತೆ ಮಾತು ಕಡಿಮೆ ಮಾಡಿದಳು. ಬೈಯಲೂ ಇಲ್ಲ, ಅಳಲೂ ಇಲ್ಲ. ಬೈದಿದ್ದರೆ ದುರ್ಗವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ದಾನಮ್ಮ ಕೈಗೆ ಹಿಟ್ಟು ಮೆತ್ತಿಕೊಂಡಂತೆಯೇ ಎದ್ದು ಬಂದಳು.

"ಕೀಲಿ ಕೊಡ್ರಿ, ಅತ್ತಿ."

"ಯಾಕವಾ, ಈಗ್ಯಾಕ..."

"ಕೀಲಿ ಕೊಡ್ರಿ."

ದುರ್ಗವ್ವ ಸೊಂಟಕ್ಕೆ ಕೈ ಹಾಕಿದಳು. ನಲವತ್ತು ವರ್ಷ ನೂಲು ಸುತ್ತಿದ ಬೆರಳಿಗೆ ಒಂದು ಗಂಟು ಬಿಚ್ಚಲು ಬರಲಿಲ್ಲ. ದಾನಮ್ಮನೇ ಬಿಚ್ಚಿಕೊಂಡು ಟ್ರಂಕು ತೆರೆದಳು. ದ್ಯಾಮವ್ವನ ಧಾರೆ ಸೀರೆಯ ಮೇಲೆ ಎರಡು ಸಣ್ಣ ಡಬ್ಬಿಗಳಿದ್ದವು. ಮೇಲೆ ಪೆನ್ನಿನಲ್ಲಿ ಬರೆದಿತ್ತು: ಶ್ರುತಿ, ಏಳು ವರ್ಷ. ಡಬ್ಬಿಗಳನ್ನು ಯಾರೂ ಒಡೆದಿರಲಿಲ್ಲ. ದಾನಮ್ಮ ಅವನ್ನು ಮಡಿಲಿಗೆ ಹಾಕಿಕೊಂಡು ಕೂತು ಒಂದು ವರ್ಷದ ಅಳುವನ್ನೆಲ್ಲ ಅತ್ತಳು.

ವಂದನಾ ಅಂಬಿಕಾಳನ್ನು ಎಬ್ಬಿಸಿ ನೆಟ್ಟಗೆ ಕೂಡಿಸಿ, ಬೆನ್ನಿಗೆ ಕಿವಿಯಿಟ್ಟು ಕೇಳಿದಳು.

"ಇದು ನೆಗಡಿ ಅಲ್ಲರಿ. ಶನಿವಾರ ತನಕ ಕಾಯೂದ ಬ್ಯಾಡ, ಈಗ ದವಾಖಾನಿಗೆ ಹೋಗೂನು."

"ಮತ್ತ ಅದ ಪಂಪು ಕೊಡ್ತಾರವಾ," ಎಂದಳು ದುರ್ಗವ್ವ. ದನಿ ಸಣ್ಣದಾಗಿತ್ತು. "ಒಮ್ಮೆ ಹಚ್ಚಿದ್ರ ಬಿಡೂದಿಲ್ಲಂತ."

"ಚಟ ಹತ್ತೂದಿಲ್ಲ, ದೊಡ್ಡವ್ವಾ. ಉಸುರಿನ ದಾರಿ ಒಳಗ ಬಾತಿರತೈತಿ. ದಿನಾ ತಗೊಳ್ಳೋ ಪಂಪು ಆ ಬಾವು ಇಳಸ್ತೈತಿ. ಔಷಧ ಸೀದಾ ಎದಿಗೇ ಹೋಗ್ತೈತಿ, ಅದಕ್ಕ ಸ್ವಲ್ಪದಾಗ ಸಾಕಾಗ್ತೈತಿ. ಆರಾಮ ಅನಿಸ್ತಂತ ನೀವ ಬಿಡಬಾರದು, ಡಾಕ್ಟರ್ ಹೇಳಬೇಕು."

"ಮತ್ತ ಆ ಪಟ್ಟಿ? ಅದರಾಗ ಹೆಸರ ಬರದ್ರ ಊರಿಗೆಲ್ಲ ಗೊತ್ತಾಗ್ತೈತಿ."

"ಗೊತ್ತಾಗಲಿ ಅಂತನ ಬರಿಯೂದು. ಡಾಕ್ಟರ್ ಒಂದು ಚೀಟಿ ಬರದು ಕೊಡ್ತಾರ. ಯಾವ ಪಂಪು ಯಾವಾಗ, ಎಷ್ಟು ಸಲ, ಯಾವಾಗ ದವಾಖಾನಿಗೆ ಓಡಬೇಕು, ಎಲ್ಲಾ ಅದರಾಗ ಇರತೈತಿ. ಒಂದು ನಿಮ್ಮ ಗ್ವಾಡಿಗೆ, ಒಂದು ಅಕ್ಕೋರ ಕಡೆ, ಒಂದು ನನ್ನ ಕಡೆ, ಒಂದು ನೆರಿಮನ್ಯಾಗ. ಹುಡುಗಿ ಎಲ್ಲಿ ಬಿದ್ರೂ ಅಲ್ಲಿದ್ದವರಿಗೆ ಗೊತ್ತಿರಬೇಕು."

"ಹಂಗ ಓಣಿಗೆಲ್ಲ ಹಂಚಿದ್ರ ನಾಳೆ ಇಕಿನ್ನ ಯಾರು ತಗೋತಾರವಾ? ನಮ್ಮ ದ್ಯಾಮವ್ವನ್ನ ಟ್ರಂಕ್ ಸಮೇತ ಬಿಟ್ಟುಹ್ವಾದ್ರು. ನಾ ಕಣ್ಣಾರೆ ನೋಡೇನಿ."

ದಾನಮ್ಮ ತಲೆಯೆತ್ತಿದಳು. "ನಾಳೆ ತನಕ ಆಕಿ ಇರಬೇಕಲ್ರಿ, ಅತ್ತಿ."

ಗೋಡೆಗೆ ಒರಗಿ ನಿಂತಿದ್ದ ಬಸವಂತ ಬಾಯಿ ಬಿಟ್ಟ. ಅವನು ಹೆಚ್ಚು ಮಾತಾಡುವ ಗಂಡಸಲ್ಲ.

"ಯವ್ವಾ, ಸೀರಿ ಮೈಗೆ ಹಾಸೂ ಉದ್ದನ ಎಳಿ ಬ್ಯಾರೆ, ಸೆರಗಿಂದು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೇವಿ. ಒಬ್ಬರ ಕೈಲಿ ಆಗೂದಿಲ್ಲಂತ ಶ್ರುತಿ ಎದುರಿಗೆ ಕುಂತು ಎಳಿ ಹಿಡಕೊಡತಿದ್ಲು. ಸೀರಿಗೆ ಅಷ್ಟು ಮಾಡಿದಿವಿ. ಆಕಿ ಉಸುರಿಗೆ ಸಾಲಿ, ದವಾಖಾನಿ, ನೆರಿಮನಿ ಯಾವದಕ್ಕೂ ಒಂದು ಕೊಂಡಿ ಹಾಕಲಿಲ್ಲ. ನಿಂದಷ್ಟ ತಪ್ಪಲ್ಲ. ಅವ್ವ ಹೇಳ್ಯಾಳಂತ ನಾನೂ ಸುಮ್ಮನ ಕುಂತೆ."

ಮಗ್ಗ ಇಷ್ಟು ಹೊತ್ತು ನಿಂತದ್ದು ಕಂಡು ಏನೋ ಎಂತೋ ಎಂದು ಅಹ್ಮದಸಾಬನೂ ಬಂದು ಬಾಗಿಲಲ್ಲಿ ನಿಂತಿದ್ದ. ಕಣ್ಣು ಒರೆಸಿಕೊಂಡ.

"ದುರ್ಗಕ್ಕಾ, ಅವತ್ತು ಹುಡುಗರು ಓಡೂ ಹೊತ್ತಿಗೆ ನನ್ನ ಗಾಡಿ ಸಾಲಿ ಮುಂದನ ನಿಂತಿತ್ತು. ಗೊತ್ತಿದ್ರ ಹಂಗ ದವಾಖಾನಿಗೆ ಒಯ್ತಿದ್ದೆ. ಆ ಚೀಟಿ ಒಂದು ನಮ್ಮ ಮನಿಗೆ ಕೊಡ್ರಿ. ಈಗ ಕೂಸಿನ್ನ ಕರಕೊಂಡು ಬರ್ರಿ, ಗಾಡಿ ತರ್ತೇನಿ."

ದುರ್ಗವ್ವ ಎದ್ದಳು. ಸೆರಗು ಹೊದ್ದು, ಅಂಬಿಕಾಳನ್ನು ತಾನೇ ಎತ್ತಿಕೊಂಡು ಆಟೋ ಹತ್ತಿದಳು.

ದವಾಖಾನೆಯಲ್ಲಿ ಡಾಕ್ಟರು ಎರಡು ಪಂಪು ಕೊಟ್ಟರು. ಸಣ್ಣ ಮಕ್ಕಳಿಗೆ ಔಷಧ ಬಾಯಲ್ಲೇ ಉಳಿಯಬಾರದೆಂದು ಪಂಪಿಗೆ ಜೋಡಿಸುವ ಕೊಳವೆಯನ್ನೂ ಕೊಟ್ಟು, ಹಿಡಿಯುವ ಬಗೆ ತೋರಿಸಿದರು. ದಿನದ ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು ಎಂದರು. ಹುಡುಗಿಯನ್ನು ಮಗ್ಗ, ರಾಟಿಯ ಹತ್ತಿರ ಮಲಗಿಸಬೇಡಿ, ನೂಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಲೆಯ ಹೊಗೆ, ಊದುಬತ್ತಿ ಹೊಗೆ ದೂರವಿರಲಿ ಎಂದರು. ಎಲ್ಲದಕ್ಕೂ ಹೂಂಗುಟ್ಟಿದ ದುರ್ಗವ್ವ ಕಡೆಗೆ ಒಂದೇ ಮಾತು ಕೇಳಿದಳು.

"ಇದನ್ನ ಮೊದಲ ಕೊಟ್ಟಿದ್ರ ದೊಡ್ಡಾಕಿ ಉಳೀತಿದ್ಲೇನ್ರಿ?"

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಉಳಿಯೋದಕ್ಕ ದಾರಿ ಇತ್ತಮ್ಮ" ಎಂದರು. ದುರ್ಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶನಿವಾರ ಶಾಲೆಯ ದೊಡ್ಡ ಕೋಣೆಯಲ್ಲಿ ಡಾಕ್ಟರ ಮುಂದೆ ತಾಯಂದಿರು, ಅಜ್ಜಿಯರು ಕೂತಿದ್ದರು. ಹೆಸರು ಬರೆಯಲು ಕುಮುದಿನಿ ಟೀಚರು ಪಟ್ಟಿ ಹಿಡಿದಿದ್ದರು. ಯಾವ ಮಕ್ಕಳಿಗೆ ಉಬ್ಬಸವಿದೆ, ಕೈ ಎತ್ತಿ ಎಂದು ವಂದನಾ ಕೇಳಿದಳು. ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಕೋಣೆಯ ಮೂಲೆಯಲ್ಲಿ ಶ್ರುತಿಯನ್ನು ಮಲಗಿಸಿದ್ದ ಆ ಬೆಂಚು ಇತ್ತು.

ದುರ್ಗವ್ವ ಅದನ್ನೇ ನೋಡುತ್ತಿದ್ದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು.

"ನಮ್ಮ ಶ್ರುತಿಗೆ ದಮ್ಮು ಇತ್ರಿ. ನೆಗಡಿ ಅನ್ನು ಅಂತ ನಾನ ಕಲಿಸಿದ್ದೆ. ಪಂಪಿಗೆ ಬೀಗ ಹಾಕಿ, ಕೀಲಿ ನಡಕ್ಕ ಕಟಗೊಂಡು ಊರಿಗೆ ಹೋಗಿದ್ದೆ. ನಮ್ಮ ಹುಡುಗಿ ನನ್ನ ಮಾತು ಕೇಳಿ ಸತ್ಲು." ಅವಳ ದನಿ ಒಡೆಯಿತು, ಆದರೆ ಅವಳು ಕೂರಲಿಲ್ಲ. "ಇಕಿ ಅಂಬಿಕಾ. ಇಕಿಗೂ ದಮ್ಮು ಐತಿ. ಬರಕೋರಿ ಅಕ್ಕೋರ. ನೀಲಿ ಪಂಪು ಇಕಿ ಚೀಲದಾಗ ಇರತೈತಿ."

ಕುಮುದಿನಿ ಟೀಚರಿಗೆ ಬರೆಯಲಾಗಲಿಲ್ಲ. "ನಾ ಮಲಗಿಸಬಾರದಿತ್ತರಿ ಆಯಿ, ಕೂಡಸಬೇಕಿತ್ತು, ನನಗ ತಿಳೀಲಿಲ್ಲ" ಎಂದು ಅತ್ತುಬಿಟ್ಟರು. ಒಂದು ವರ್ಷ ಅವರೂ ಅದನ್ನು ಹೊತ್ತುಕೊಂಡೇ ತಿರುಗಿದ್ದರು. ದುರ್ಗವ್ವ ಹೋಗಿ ಅವರ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಆಮೇಲೆ ಇನ್ನೊಂದು. ಸಭೆ ಮುಗಿಯುವಾಗ ವಂದನಾಳ ಪಟ್ಟಿಯಲ್ಲಿ ಏಳು ಹೆಸರಿದ್ದವು.

ಈಗ ಅಂಬಿಕಾಳ ಚೀಟಿ ಗೋಡೆಯ ಮೇಲಿದೆ. ದಿನದ ಪಂಪು ಕೈಗೆ ಸಿಗುವ ಗೂಡಿನಲ್ಲಿದೆ. ದ್ಯಾಮವ್ವನ ಟ್ರಂಕಿಗೆ ಬೀಗವಿಲ್ಲ. ಅದರಲ್ಲಿ ಶ್ರುತಿಯ ಎರಡು ಡಬ್ಬಿಗಳು ಇನ್ನೂ ಇವೆ. ಬಿಸಾಡಲು ಯಾರಿಗೂ ಮನಸ್ಸು ಬಂದಿಲ್ಲ. ಮೊನ್ನೆ ಮಧ್ಯಾಹ್ನ ಬಸವಂತ ಮಗ್ಗ ನಿಲ್ಲಿಸಿದಾಗ ದುರ್ಗವ್ವ ತಾನೂ ರಾಟಿ ನಿಲ್ಲಿಸಿ, ಒಳಕೋಣೆಯಲ್ಲಿ ಮಲಗಿದ್ದ ಹುಡುಗಿಯ ಹತ್ತಿರ ಹೋಗಿ ಕಿವಿಗೊಟ್ಟಳು. ಸದ್ದಿಲ್ಲದ ಉಸಿರು. ಅವಳು ಅಲ್ಲೇ ನೆಲದ ಮೇಲೆ ಕೂತು ದೊಡ್ಡ ಮೊಮ್ಮಗಳಿಗಾಗಿ ಅತ್ತಳು. ದಾನಮ್ಮ ಬಂದು ಭುಜ ಮುಟ್ಟಿ, "ಏಳ್ರಿ ಅತ್ತಿ, ಉಣ್ಣಾಕ ಬರ್ರಿ" ಎಂದಳು.

ಇದನ್ನು ಓದುತ್ತಿರುವ ಅವ್ವಂದಿರೇ, ಅಪ್ಪಂದಿರೇ, ಅಜ್ಜಿಯರೇ, ನಿಮ್ಮ ಮಗು ಪದೇ ಪದೇ ಕೆಮ್ಮಿದರೆ, ಉಸಿರಿನಲ್ಲಿ ಸುಂಯ್ ಎಂಬ ಸದ್ದು ಬಂದರೆ ಹತ್ತಿರದ ದವಾಖಾನೆಗೆ ತೋರಿಸಿ. ಉಬ್ಬಸ ಮುಚ್ಚಿಡುವ ಕಾಯಿಲೆಯಲ್ಲ. ದಿನದ ಪಂಪನ್ನು ಡಾಕ್ಟರು ಹೇಳುವ ತನಕ ನಿಲ್ಲಿಸಬೇಡಿ. ನೀಲಿ ಪಂಪು ಮಗು ಹೋದಲ್ಲೆಲ್ಲ ಹೋಗಲಿ. ಚೀಟಿ ಬರೆಸಿಕೊಂಡು ಟೀಚರಿಗೆ, ಆಶಾ ಕಾರ್ಯಕರ್ತೆಗೆ, ನೆರೆಮನೆಯವರಿಗೆ ಕೊಡಿ. ಉಸಿರು ಕಟ್ಟಿದಾಗ ಮಲಗಿಸಬೇಡಿ, ನೆಟ್ಟಗೆ ಕೂಡಿಸಿ ಚೀಟಿಯಲ್ಲಿದ್ದಂತೆ ನೀಲಿ ಪಂಪು ಕೊಡಿ. ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಪಂಪಿಗೂ ಬಗ್ಗದಿದ್ದರೆ ಒಂದು ಕ್ಷಣವೂ ಕಾಯದೆ ೧೦೮ಕ್ಕೆ ಫೋನ್ ಮಾಡಿ.

ದುರ್ಗವ್ವ ಈಗ ಓಣಿಯಲ್ಲಿ ಕಂಡವರಿಗೆಲ್ಲ ಒಂದೇ ಮಾತು ಹೇಳುತ್ತಾಳೆ. "ನಾ ದಮ್ಮು ಅಂತ ಹೇಳೂ ಹೊತ್ತಿಗೆ ಒಂದು ಕೂಸು ಹೋಗಿತ್ತು. ನೀವು ಇವತ್ತ ಹೇಳ್ರಿ."