ಸುಮ್ಮನಿದ್ದವನ ಪಾಳಿ

ಹನ್ನೊಂದು ತಿಂಗಳಿಂದ ಗಾದಿಲಿಂಗ ಮಗಳ ಜೊತೆ ಮಾತು ಬಿಟ್ಟಿದ್ದ. ಜಗಳ ಆಸ್ತಿಗಲ್ಲ, ಅಳಿಯನಿಗಲ್ಲ, ಒಂದು ಯಂತ್ರಕ್ಕೆ!

ಮಗಳು ಭಾರತಿ ಮಸ್ಕಿಯ ಕಾಲುವೆ ಕಚೇರಿಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವವಳು. ಅಪ್ಪ ಬಳಗಾನೂರು ಹತ್ತಿರದ ಗೇಟಿನ ಕಾವಲುಗಾರ. ಗೇಟಿನವರು ಕಚೇರಿಯೊಂದಿಗೆ ಮಾತಾಡಲು ಇದ್ದ ಒಂದೇ ಚಾನೆಲ್‌ನಲ್ಲಿ ನಾಲ್ಕು ದನಿಗೆ ಜಾಗ, ಗೇಟುಗಳು ಎಂಟು. ಹಾಗಾಗಿ ಹೊಸ ಯಂತ್ರ ಎಲ್ಲರ ದನಿಯನ್ನೂ ಚೂರು ಮಾಡಿ, ಅಂಕಿಗಳಾಗಿಸಿ, ಪಾಳಿಯ ಮೇಲೆ ಕಳಿಸುತ್ತಿತ್ತು. ಯಾರು ಅರೆಗಳಿಗೆ ಸುಮ್ಮನಾದರೂ ಅವರ ಪಾಳಿ ಮಾತಾಡುವವರಿಗೆ. ಗದ್ದೆಗೆ ನೀರು ಬಿಡುವ ಪದ್ಧತಿಯೇ, ಬೇರೇನಲ್ಲ.

"ನನ್ನ ದನಿ ಕೊಚ್ಚಿ ಕಳಸ್ತೀಯೇನಬೇ?" ಎಂದು ಯಂತ್ರ ಕೂರಿಸಿದ ದಿನ ಅಪ್ಪ ಕೇಳಿದಾಗ ಅವಳು ಎಲ್ಲರೆದುರು ನಕ್ಕಿದ್ದಳು. ಅಷ್ಟೇ. ಮುದುಕನಿಗೆ ಮೂಗಿನ ತುದಿಯಲ್ಲೇ ಕೋಪ. ಅಂದಿನಿಂದ ನೀರಿನ ಮಟ್ಟವನ್ನು ಮೊಬೈಲಿನಲ್ಲಿ ಬರೆದು ಕಳಿಸುತ್ತಿದ್ದ. ಮಗಳು ಮನೆಗೆ ಬಂದರೆ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗೆ ಹೊರಟುಬಿಡುತ್ತಿದ್ದ. ಅವಳಿಗೆ ಬೇಕಾಗಿದ್ದುದು ಅವನ ಒಂದೇ ಒಂದು ಮಾತು. ಬೈದರೂ ಸರಿ.

ಆ ಸಂಜೆ ಯಂತ್ರದ ದಾಖಲೆ ನೋಡುತ್ತಿದ್ದವಳ ಕಣ್ಣು ಒಂದು ಕಡೆ ನಿಂತಿತು. ಬಳಗಾನೂರು: ದಿನಾ ಸಂಜೆ ಆರು ಗಂಟೆಗೆ ಮಾತಾಡುವ ಗುಂಡಿ ಒತ್ತಿದೆ, ಹತ್ತು ನಿಮಿಷ. ದನಿ ಇಲ್ಲ. ಹನ್ನೊಂದು ತಿಂಗಳೂ ಹೀಗೇ.

ಏನೋ ಕೆಟ್ಟಿರಬೇಕು ಎಂದುಕೊಂಡಳು. ಆಮೇಲೆ ಹೊಳೆಯಿತು. ಒಂದೇ ಸಮನೆ ಬರುವ ಸದ್ದನ್ನೆಲ್ಲ ಮೌನವೆಂದೇ ಎಣಿಸುವಂತೆ ಯಂತ್ರಕ್ಕೆ ಕಲಿಸಿದವಳು ಅವಳೇ ಅಲ್ಲವೇ?

ಆರಾಗುತ್ತಿತ್ತು. ಬಳಗಾನೂರಿನ ಮಟ್ಟಿಗೆ ಆ ಕಟ್ಟಳೆ ತೆಗೆದಳು. ಆದರೆ ಅದು ಎಲ್ಲರೂ ಒಟ್ಟಿಗೆ ಮಾತಾಡುವ ಹೊತ್ತು.

"ಅಣ್ಣಾರ, ಹತ್ತು ನಿಮಿಷ ಯಾರೂ ಮಾತಾಡಬ್ಯಾಡ್ರಿ. ನಮ್ಮಪ್ಪಗ ಜಾಗ ಬಿಡ್ರಿ."

"ಆಂವ ಎಲ್ಲಿ ಮಾತಾಡ್ತಾನವಾ?" ಸಾಲಗುಂದದ ಗೇಟಿನಿಂದ ಗ್ಯಾನಪ್ಪ ನಕ್ಕ. ಆದರೂ ಗುಂಡಿ ಬಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು.

ನೀರು ಬಂತು. ಗೇಟಿನಡಿ ನುಗ್ಗಿ, ಕಲ್ಲಿಗೆ ಬಡಿದು, ಭತ್ತದ ಗದ್ದೆಗಳತ್ತ ಇಳಿದು ಹೋಗುವ ನೀರಿನ ಸದ್ದು. ಕುರ್ಚಿ, ಗೋಡೆ, ಫ್ಯಾನು, ಕಿಟಕಿಯಾಚೆಯ ಬಸ್ಸುಗಳು ಎಲ್ಲ ಅದರಲ್ಲಿ ಮೆಲ್ಲಗೆ ತೇಲತೊಡಗಿದವು. ಅವಳು ಲಿಂಗಸುಗೂರಿನ ಹಾಸ್ಟೆಲ್ಲಿನಲ್ಲಿ ಮನೆ ನೆನೆದು ಅತ್ತಾಗೆಲ್ಲ ಅಪ್ಪ ಫೋನನ್ನು ಹೀಗೇ ಕಾಲುವೆಯತ್ತ ಹಿಡಿಯುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಸಮಾಧಾನ ಮಾಡಲು ಅವನಿಗೆ ಗೊತ್ತಿದ್ದುದೇ ಅಷ್ಟು. ಭಾರತಿ ಗುಂಡಿ ಒತ್ತಿದಳು.

"ಅಪ್ಪಾ," ಎಂದಳು ಕೊನೆಗೆ, "ನೀರಿನ ಸಪ್ಪಳ ಬರಾಕತ್ತೈತಿ."

ನೀರಿನ ಸದ್ದಿನ ನಡುವೆ ಗಾದಿಲಿಂಗನ ಒರಟು ದನಿ.

"ಹನ್ನೊಂದು ತಿಂಗಳಾತು, ದಿನಾ ಹಿಡಿಯಾಕತ್ತೀನಿ. ನೀ ಒಂದಿನಾನೂ ಹೂಂ ಅನಲಿಲ್ಲ. ನನ್ನ ಮ್ಯಾಲ ಅಷ್ಟು ಸಿಟ್ಟೇನವಾ?"