ನೀಲಿ ಹಚ್ಚದ ಶಾಫ್ಟ್

ಕಾಂತಪ್ಪನ ಕೆಲಸವನ್ನು ಪರೀಕ್ಷಿಸುವುದೆಂದರೆ ಅವನನ್ನು ಅವಮಾನಿಸಿದಂತೆ ಎಂಬ ಭಾವನೆ ಮುಂಬಯಿಯ ಕುರ್ಲಾದ ಆ ಶೆಡ್ಡಿನಲ್ಲಿ ಬೇರೂರಿತ್ತು. ಬಿಜಾಪುರದಿಂದ ಬಂದು ಹದಿನೆಂಟು ವರ್ಷ ಲೇತಿನ ಮುಂದೆ ನಿಂತವನು ಅವನು. ಹೊಗಳಿಕೆಯನ್ನು ಅವನೂ ಎಂದೂ ಬೇಡವೆಂದಿರಲಿಲ್ಲ. ತಪ್ಪು ಅಲ್ಲಿಂದಲೇ ಮೊದಲಾಯಿತು.

೧೯೮೬ರ ನವೆಂಬರಿನ ಆ ಮಧ್ಯಾಹ್ನ ಅವನು ಮುಗಿಸಿದ್ದು ಬಂದರಿನ ಪ್ರಯಾಣಿಕರ ಲಾಂಚಿನ ಶಾಫ್ಟ್. ಕ್ರಮವಾಗಿ ಕಿರಿದಾಗುವ ಅದರ ತುದಿಯ ಮೇಲೆ, ಅಂದರೆ ಟೇಪರಿನ ಮೇಲೆ, ನೀರು ತಳ್ಳುವ ಪಂಖ ಉದ್ದಕ್ಕೂ ಬಿಗಿಯಾಗಿ ಕೂರಬೇಕು. ಸಡಿಲವಾದರೆ ನೂರು ಜನರಿರುವ ಲಾಂಚ್ ನಡುನೀರಿನಲ್ಲಿ ಅಲೆಗಳ ಪಾಲು. ಆದ್ದರಿಂದ ಟೇಪರಿಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ, ಅದೇ ಅಳತೆಯ ಪೊಳ್ಳು ಗೇಜಿನೊಳಗೆ ತಿರುಗಿಸಿ, ಬಣ್ಣ ಎಲ್ಲೆಡೆ ಸಮನಾಗಿ ಅಳಿಸಿದೆಯೇ ಎಂದು ನೋಡುವುದು ನಿಯಮ.

ಖರೀದಿದಾರರ ಇನ್‌ಸ್ಪೆಕ್ಟರ್, ಮೈಸೂರಿನ ಕೇಶವಮೂರ್ತಿ, ನಕ್ಕರು. "ಕಾಂತಪ್ಪನವರ ಕೆಲಸಕ್ಕೆ ನೀಲಿ ಯಾಕ್ರೀ? ಮದುವೆ ಆದ್ಮೇಲೆ ಜಾತಕ ನೋಡಿದ ಹಾಗೆ!" ಸಹಿ ಬಿತ್ತು. ಶಾಫ್ಟ್ ಟೆಂಪೋ ಏರಿತು.

ಲೇತ್ ಒರೆಸುತ್ತಿದ್ದ ಕಾಂತಪ್ಪನ ಕೈ ಥಟ್ಟನೆ ನಿಂತಿತು. ಟ್ರೇಯಲ್ಲಿ ತೆಳುವಾದ ತಗಡಿನ ಪಟ್ಟಿ ಬಿದ್ದಿತ್ತು. ಲೋಹ ಕೆತ್ತುವ ಟೂಲಿನ ಮೊನೆ ಶಾಫ್ಟಿನ ನಟ್ಟನಡುವಿನ ಎತ್ತರಕ್ಕೆ ಬರಲೆಂದು ಕೆಳಗಿಡುವ ಪಟ್ಟಿ ಅದು. ಊಟದ ನಂತರ ಟೂಲ್ ಬದಲಿಸುವಾಗ ಅದನ್ನು ಇಡಲು ಮರೆತಿದ್ದ. ಮೊನೆ ಕೆಳಗಿಳಿದರೆ, ಕೋನ ಎಷ್ಟೇ ಸರಿಯಿರಲಿ, ಟೇಪರಿನ ನಡುಭಾಗ ಕಣ್ಣಿಗೆ ಕಾಣದಷ್ಟು ತಗ್ಗುತ್ತದೆ.

"ಇಳಸ್ರಿ! ಇಳಸ್ರಿ ಅದನ್ನ!" ಎಂದು ಅವನು ಹೊರಗೆ ಓಡಿದ.

ಶಾಫ್ಟ್ ಇಳಿಸಿ ನೀಲಿ ಹಚ್ಚಿ ನೋಡಿದರು. ಎರಡು ತುದಿಗಳಲ್ಲಿ ಬಣ್ಣ ಅಳಿಸಿತ್ತು. ನಡುವೆ ಹಚ್ಚಿದ ಹಾಗೆಯೇ ಉಳಿದಿತ್ತು.

ಕೇಶವಮೂರ್ತಿ ದನಿ ತಗ್ಗಿಸಿದರು. "ಸ್ವಲ್ಪ ದಪ್ಪಗೆ ಹಚ್ಚಿ, ನಡುವೆಯೂ ಅಳಿಸುತ್ತೆ. ನನ್ನ ಸಹಿ ಬಿದ್ದಾಗಿದೆ ಕಣ್ರೀ. ನಿಮ್ಮ ಹೆಸರೂ ಉಳಿಯುತ್ತೆ."

"ಲಾಂಚಿನಾಗ ಕುಂತವ್ರಿಗೆ ನನ್ನ ಹೆಸರ ತಗೊಂಡು ಏನ್ ಆಗ್ಬೇಕಾಗೇತ್ರಿ, ಸಾಹೇಬ್ರ?"

ಓದಿದವನೊಬ್ಬ ತನ್ನ ಸಹಿಯ ಮಾನವನ್ನು ನೂರು ಪ್ರಾಣಗಳಿಗಿಂತ ಭಾರವೆಂದು ತೂಗಿದಾಗ, ಅವನಿಗೆ ಅಕ್ಷರ ಕಲಿಸಿದವರೂ ತಲೆ ತಗ್ಗಿಸಬೇಕು.

ಟೆಂಪೋದವನು ಹಾರ್ನ್ ಒತ್ತಿದ. "ಚಲೋ, ಏರಿಸಿ!" ಎಂದು ಕೇಶವಮೂರ್ತಿ ಕೈಬೀಸಿದರು. ಶಾಫ್ಟ್ ಎತ್ತಲು ಕೂಲಿಗಳು ಬಾಗುವಷ್ಟರಲ್ಲಿ ಕಾಂತಪ್ಪ ಚಾಣ ಇಟ್ಟು ಸುತ್ತಿಗೆಯಿಂದ ಮೂರು ಏಟು ಹಾಕಿದ. ಟೇಪರಿನ ಮೇಲೆ ಅಡ್ಡಗಾಯ ಬಿತ್ತು. ಇನ್ನು ಅದನ್ನು ಯಾವ ಬಣ್ಣವೂ ಪಾಸು ಮಾಡಲಾರದು.

ಕೇಶವಮೂರ್ತಿ ಶಾಫ್ಟನ್ನು ತಿರಸ್ಕರಿಸುವ ಚೀಟಿ ಬರೆದರು: "ಕಾರಣ: ಕೆಲಸಗಾರನ ಅಜಾಗರೂಕತೆ."

ಕಾಂತಪ್ಪ ಓದಿ ಸಹಿ ಮಾಡಿದ. "ಇದು ಖರೇ ಐತ್ರಿ. ಈಗ ನೀಲಿ ಹಚ್ಚದನ ಪಾಸ್ ಮಾಡಿದ್ದನ್ನೂ ಬರೀರಿ."

"ಎಲ್ಲರ ಮುಂದೇನಾ?"

"ಎಲ್ಲಾರ ಮುಂದನ ಹೊಗಳಿದ್ರಲ್ರಿ."

ಕೇಶವಮೂರ್ತಿ ಪೆನ್ನಿನ ಮುಚ್ಚಳ ತೆಗೆದರು. ಆ ತಪ್ಪೊಪ್ಪಿಗೆಯ ಮೊದಲ ಸಾಲು ಬೀಳುವವರೆಗೂ ಕಾಂತಪ್ಪ ಚೀಟಿಯ ಅಂಚಿನಿಂದ ಬೆರಳು ಎತ್ತಲಿಲ್ಲ.