ಬಿಟ್ಟ ಸಾಲು

ಮೂರನೇ ಹಿಡಿ ಮಣ್ಣು ಹಾಕಿ ಮಾಯಾ ಹಿಂದೆ ಸರಿಯುವಷ್ಟರಲ್ಲಿ ವಿಪುಲನ ಫೋನು ಬಡಿದುಕೊಂಡಿತು. ಬೆಳಗಾವಿಯಲ್ಲಿ ಅವನದು ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿ. ಅದರ ಟೆಸ್ಟಿಂಗ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ದುಡಿದ ಅವಳ ಅಪ್ಪ ಸಿದರಾಯ ಈಗ ಖಾನಾಪುರದ ತನ್ನ ಹೊಲದ ಮಣ್ಣಡಿ ಇದ್ದ.

ವಿಪುಲ ಮಾಯಾಳ ಬಳಿ ಬಂದ. “ತಪ್ಪು ತಿಳೀಬ್ಯಾಡ. ಲಾರಿ ನಿಂತದ. ಟೆಸ್ಟಿಂಗ್ ಗ್ರಾಫ್ ಇಲ್ಲಂದ್ರ ಮಾಲು ಒಯ್ಯಂಗಿಲ್ಲ ಗಿರಾಕಿ. ನಿಮ್ಮಪ್ಪನ ಪ್ರೋಗ್ರಾಂ ಓಡತದ, ಗೆರಿ ಬರವಲ್ದು. ನಿನಗೇನರ ಗೊತ್ತದ ಏನು?”

“ಮಣ್ಣ ಇನ್ನೂ ಹಸಿ ಐತ್ರೀ ಸಾವಕಾರ್ರ,” ಎಂದ ಸಿದರಾಯನ ತಮ್ಮ ಕಲ್ಮೇಶ. “ಎಬ್ಬಿಸಿ ಅವನ್ನ ಕೇಳೂಣೇನು?”

ಮಾಯಾಳ ತಾಯಿ ಕಾಡವ್ವ ಮಗಳ ತೋಳು ಹಿಡಿದು ಬದಿಗೆ ಎಳೆದಳು. “ನಾವಿರೂ ಖೋಲಿ ಕಂಪನೀದು. ನಿಮ್ಮಪ್ಪ ಬಿಟ್ಟ ಸಾಲು ಹೇಳಿದ್ಯೋ, ನಾಳೆ ನಮ್ಮ ಭಾಂಡಿ ಬೀದ್ಯಾಗ. ನಾನ ಬಂದು ಮಾಡತೀನಿ ಅನ್ನು.”

“ಸೋಮವಾರ ಧಾರವಾಡಕ್ಕ ಹೋಗಬೇಕವ್ವಾ. ಎಂ.ಎಸ್ಸಿ ಸೀಟು ಬಿಡ್ಲೇನು?”

ಕಾಡವ್ವ ಹಿಡಿದ ತೋಳು ಬಿಡಲಿಲ್ಲ.

*

ನಾಲ್ಕು ವರ್ಷದ ಹಿಂದೆ, ಕಾಲೇಜಿನಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದ ಮಾಯಾ ಅಪ್ಪನ ಪ್ರೋಗ್ರಾಂ ಓದಿದ್ದಳು. ಟೆಸ್ಟಿಂಗ್ ರೂಮಿನ ಯಂತ್ರ ಕಬ್ಬಿಣದ ತುಂಡನ್ನು ತುಂಡಾಗುವತನಕ ಎಳೆಯುತ್ತಿತ್ತು. ಎಷ್ಟು ಭಾರಕ್ಕೆ ಎಷ್ಟು ಹಿಗ್ಗಿತೆಂಬ ಅಂಕಿಗಳನ್ನು ಪ್ರೋಗ್ರಾಂ ಗ್ನೂಪ್ಲಾಟ್ ಎಂಬ ಗ್ರಾಫಿನ ಸಾಫ್ಟ್‌ವೇರಿಗೆ ಕಳಿಸಬೇಕು, ಅದು ಗೆರೆ ಬಿಡಿಸಬೇಕು. ಅಂಕಿಗಳು ಮಾತ್ರ ಹೊರಡದೆ ಬಫರೆಂಬ ತಾತ್ಕಾಲಿಕ ಜಾಗದಲ್ಲೇ ಕೂತಿದ್ದವು.

“ಅಪ್ಪಾ, ಎಫ್‌ಫ್ಲಶ್ ಮರತಿ. ಒಂದ ಸಾಲು. ಹಾಕಿದ್ರ ಎಲ್ಲಾ ಹೊರಗ ಬೀಳತಾವ.”

“ಮರತಿಲ್ಲ, ಬಿಟ್ಟೇನಿ. ಪರ್ಮನೆಂಟ್ ಅಲ್ಲದಾಂವ ಏನರ ಒಂದು ಕೈಯಾಗ ಇಟಕೋಬೇಕವಾ.” ತನಗಷ್ಟೇ ಗೊತ್ತಿದ್ದ ಅಂಕಿಯೊಂದನ್ನು ಒತ್ತಿದ. ಗೆರೆ ಮೂಡಿತು.

ಅದೇ ವರ್ಷ ಹಲಸಿಯಲ್ಲಿ ಅವನ ತಂಗಿಯ ಮದುವೆ. ಅಕ್ಷತೆ ಹಾಕುವ ಮೊದಲೇ, ಗೆರೆ ಬರುತ್ತಿಲ್ಲವೆಂದು ಫೌಂಡ್ರಿಯಿಂದ ಕರೆ ಬಂತು. ಸಿದರಾಯ ಅಕ್ಷತೆಯನ್ನು ಕಿಸೆಗೆ ಹಾಕಿಕೊಂಡು ಬೈಕು ಹತ್ತಿದ.

*

ಆ ಒಂದು ಸಾಲು ಮಾಯಾಳ ನಾಲಿಗೆಯ ಮೇಲೇ ಇತ್ತು. ವಿಪುಲ ಬರೆದುಕೊಳ್ಳಲು ಪೆನ್ನು ತೆಗೆದ.

“ಹಂಗ ಹೇಳಾಕ ಬರಂಗಿಲ್ರೀ,” ಎಂದಳು. “ನಾನ ಬರಬೇಕಾಕ್ಕತಿ.”

“ಕಾರ್ ಅದ. ಜಳಕ ಮಾಡಿ ಬಾ, ಕಾಯ್ತೀನಿ. ನಾಳೆಯಿಂದ ದಿನಾ ಬರ್ತಿ ಅಲ್ಲ?”

ಮಾಯಾ ಬಾಯಿ ತೆರೆಯುವ ಮೊದಲೇ ಕಾಡವ್ವ ಅಂದಳು: “ಬರ್ತಾಳ್ರಿ.”

“ನಂಬರ್ ಹೇಳು.”

ಮಾಯಾ ಹೇಳಿದಳು. ವಿಪುಲನ ಫೋನಿನ ಪರದೆಯಲ್ಲಿ ‘ಗ್ರಾಫ್ ಸಿದರಾಯ’ ಎಂದಿತ್ತು. ಕೆಳಗಿನ ಹತ್ತು ಅಂಕಿ ಅಳಿಸಿ, ಅವಳು ಹೇಳಿದ ಹತ್ತು ಅಂಕಿ ಒತ್ತಿದ. ಹೆಸರು ಮುಟ್ಟಲಿಲ್ಲ.